ವಿಮಾನದ ಎಂಜಿನ್, ನೀರಿನ ದೋಣಿ: ಮೂರನೇ ನಿಯಮದ ಪಾಠದಲ್ಲಿ ನಾನು ಕಲಿತದ್ದು

ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕದಲ್ಲಿ ನ್ಯೂಟನ್ನನ ಮೂರನೇ ನಿಯಮವನ್ನು ಮಕ್ಕಳು ಬೇಗ ಬಾಯಿಪಾಠ ಮಾಡಿಬಿಡುತ್ತಾರೆ. ಆದರೆ ‘ಯಾವುದು ಯಾವುದನ್ನು ತಳ್ಳಿತು?’ ಎಂದು ಕೇಳಿದರೆ ತಡವರಿಸುತ್ತಾರೆ. ಬೋಧನಾಭ್ಯಾಸದ ಅವಧಿಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದಾಗ ತಡವರಿಸಿದ್ದು ಮಕ್ಕಳಷ್ಟೇ ಅಲ್ಲ, ನಾನೂ ಕೂಡ. ಆ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಪೂರ್ವಜ್ಞಾನ

ನಮ್ಮ ಜಿಲ್ಲೆಯಲ್ಲಿ ಕೆರೆಗಳಿವೆ, ಮೋಟಾರು ದೋಣಿಗಳಿಲ್ಲ. ಆದ್ದರಿಂದ ಟ್ರ್ಯಾಕ್ಟರಿನಿಂದ ಪಾಠ ಆರಂಭಿಸಿದೆ. ಉಳುವ ಎಂಜಿನ್ನೇ ರಾಗಿ ಒಕ್ಕುವ ಯಂತ್ರವನ್ನೂ ತಿರುಗಿಸುತ್ತದೆ ಎಂಬುದು ಮಕ್ಕಳಿಗೆ ಗೊತ್ತು. ‘ಹಾಗಾದರೆ ವಿಮಾನದ ಎಂಜಿನ್ನನ್ನು ದೋಣಿಗೆ ಕೂರಿಸಬಹುದೇ?’ ಎಂದು ಕೇಳಿದೆ. ತರಗತಿ ಎದ್ದು ಕುಳಿತಿತು.

ವಿಷಯ ನಿರೂಪಣೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಯುದ್ಧವಿಮಾನಗಳ ಎಂಜಿನ್‌ಗಳು ಹೆಚ್ಚುವರಿಯಾಗಿ ಉಳಿದವು. ದೋಣಿ ಸ್ಪರ್ಧೆಯವರು ಅವನ್ನು ಕೊಂಡು ಬಳಸಿದರು. ಅವುಗಳಲ್ಲಿ ಒಂದು ರೋಲ್ಸ್ ರಾಯ್ಸ್ ಮರ್ಲಿನ್. ಅದಕ್ಕೆ 12 ಸಿಲಿಂಡರ್, 27 ಲೀಟರ್ ಗಾತ್ರ. ನಮ್ಮೂರಿನ 100 ಸಿ.ಸಿ. ಬೈಕಿನ 270 ಎಂಜಿನ್‌ಗಳ ಗಾತ್ರ ಸೇರಿದರೆ ಅಷ್ಟಾಗುತ್ತದೆ. ಇನ್ನೊಂದು ಆಲಿಸನ್ ವಿ-1710. ಇದನ್ನು ಅಳವಡಿಸಿದ ‘ಸ್ಲೋ-ಮೋ-ಶನ್ 4’ ಎಂಬ ದೋಣಿ 1950ರ ಜೂನ್ 26ರಂದು ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಗಂಟೆಗೆ ಸುಮಾರು 258 ಕಿ.ಮೀ. ವೇಗದಲ್ಲಿ ಓಡಿ ದಾಖಲೆ ಮಾಡಿತು.

ಎಂಜಿನ್ ಅದೇ, ಜೋಡಣೆ ಬೇರೆ. ವಿಮಾನದ ಪ್ರೊಪೆಲ್ಲರ್ ದೊಡ್ಡದು. ಅದು ಎಂಜಿನ್ನಿಗಿಂತ ನಿಧಾನವಾಗಿ ತಿರುಗಬೇಕು. ಈ ದೋಣಿಯ ಪ್ರೊಪೆಲ್ಲರ್ ಚಿಕ್ಕದು. ಅದು ಎಂಜಿನ್ನಿಗಿಂತ ವೇಗವಾಗಿ ತಿರುಗಬೇಕು. ಆದ್ದರಿಂದ ವೇಗ ಹೆಚ್ಚಿಸುವ ಗಿಯರ್ ಪೆಟ್ಟಿಗೆ ಬೇಕಾಯಿತು. ಸೈಕಲ್ಲಿನ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎಷ್ಟು ಸುತ್ತು ಬರುತ್ತದೆ ಎಂದು ಎಣಿಸಿ ನೋಡಲು ಹೇಳಿದ್ದರಿಂದ ಈ ಅಂಶ ಸುಲಭವಾಯಿತು. ಇಲ್ಲಿ ಕ್ರಿಯೆ-ಪ್ರತಿಕ್ರಿಯೆ ಸ್ಪಷ್ಟ: ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಪ್ರೊಪೆಲ್ಲರನ್ನು ಮುಂದಕ್ಕೆ ತಳ್ಳುತ್ತದೆ.

ಮುಂದಿನ ಉದಾಹರಣೆಯನ್ನು ನಮ್ಮ ಕಡೆಯಿಂದಲೇ ಆರಿಸಿದ್ದೆ. ಮುದ್ದೇನಹಳ್ಳಿಯ ಸರ್ ಎಂ.ವಿ. ಅವರ ಹೆಸರಿನ ವಸ್ತುಸಂಗ್ರಹಾಲಯ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಅದರ ಆವರಣದಲ್ಲಿ ನಿಂತಿರುವ ‘ಮಾರುತ್’ ಎಚ್.ಎ.ಎಲ್. ನಿರ್ಮಿಸಿದ ಯುದ್ಧವಿಮಾನ, 1961ರಲ್ಲಿ ಮೊದಲು ಹಾರಿತು. ಅದಕ್ಕೆ ಎರಡು ಆರ್ಫಿಯಸ್ ಜೆಟ್ ಎಂಜಿನ್. ನ್ಯಾಟ್ ವಿಮಾನಕ್ಕೂ ಅದೇ ಎಂಜಿನ್, ಒಂದು ಮಾತ್ರ. ಬ್ರಿಟನ್ನಿನ ಪರವಾನಗಿ ಪಡೆದು ಎಚ್.ಎ.ಎಲ್. ಈ ಎಂಜಿನ್ನನ್ನು ಬೆಂಗಳೂರಿನಲ್ಲಿಯೇ ತಯಾರಿಸುತ್ತಿತ್ತು. 1966ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ ತಮ್ಮ ‘ಬ್ಲೂಬರ್ಡ್ ಕೆ7’ ದೋಣಿಗೆ ಕೂರಿಸಿದ್ದು ಇದೇ ಬಗೆಯ ಎಂಜಿನ್. ದೋಣಿಗೆ ಪ್ರೊಪೆಲ್ಲರ್ ಇರಲಿಲ್ಲ.

ನಾನು ಎಡವಿದ ಜಾಗ

‘ಪ್ರೊಪೆಲ್ಲರ್ ಇಲ್ಲದೆ ದೋಣಿ ಹೇಗೆ ಮುಂದೆ ಹೋಯಿತು?’ ಎಂದು ಕೇಳಿದೆ. ‘ಬಿಸಿ ಅನಿಲ ಹಿಂದಿನ ನೀರನ್ನು ತಳ್ಳುತ್ತೆ, ಅದಕ್ಕೇ’ ಎಂದ ಒಬ್ಬ ಹುಡುಗ. ಪಾಠದ ಭರದಲ್ಲಿ ‘ಸರಿ, ಕುಳಿತುಕೋ’ ಎಂದುಬಿಟ್ಟೆ. ಮಕ್ಕಳು ಅದನ್ನೇ ಬರೆದುಕೊಂಡರು. ಗಂಟೆ ಹೊಡೆಯಿತು.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಹಾಗಿದ್ದರೆ ಇದೇ ಎಂಜಿನ್ ಆಕಾಶದಲ್ಲಿ ಏನನ್ನು ತಳ್ಳುತ್ತಿತ್ತು?’ ಅದನ್ನು ಓದಿದಾಗ ತಪ್ಪು ಹೊಳೆಯಿತು. ಜೆಟ್ ದೋಣಿಯಲ್ಲಿ ಅನಿಲ ಹೊರಬೀಳುವುದು ನೀರಿನ ಮೇಲಿನ ಗಾಳಿಗೆ. ಎಂಜಿನ್ ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ. ಆ ಅನಿಲವೇ ಎಂಜಿನ್ನನ್ನು ಮುಂದಕ್ಕೆ ತಳ್ಳುತ್ತದೆ. ಜೋಡಿ ಅಲ್ಲಿಗೆ ಪೂರ್ಣ. ಹಿಂದೆ ನೀರಿರಬೇಕೆಂದಿಲ್ಲ, ಗಾಳಿಯೂ ಇರಬೇಕೆಂದಿಲ್ಲ. ಇಲ್ಲದಿದ್ದರೆ ನಿರ್ವಾತದಲ್ಲಿ ರಾಕೆಟ್ ಹೋಗುತ್ತಲೇ ಇರಲಿಲ್ಲ.

ತಿದ್ದುಪಾಠ

ಮರುದಿನ ತರಗತಿಗೆ ಹೋದವನು ಕೇಳಿದ್ದು ಹೊಸ ಪ್ರಶ್ನೆಯಲ್ಲ. ‘ನಿನ್ನೆ ನಾನು ಸರಿ ಎಂದ ಉತ್ತರ ತಪ್ಪು. ಯಾಕೆ ಎಂದು ನಾವೇ ಪರೀಕ್ಷಿಸೋಣ’ ಎಂದೆ. ಬೇಕಾದದ್ದು ಅಗಲವಾದ ನೀರಿನ ಟಬ್, ಥರ್ಮಾಕೋಲ್ ತುಂಡು, ಬಲೂನು ಮತ್ತು ಜ್ಯೂಸ್ ಕೊಳವೆ. ಮೊದಲು ಕೊಳವೆಯ ಬಾಯಿ ನೀರಿನೊಳಗೆ ಇರುವಂತೆ ಕಟ್ಟಿ ಬಿಟ್ಟೆವು, ದೋಣಿ ಓಡಿತು. ಕೊಳವೆಯ ಬಾಯಿ ನೀರಿನ ಮೇಲಿದ್ದರೆ ಏನಾಗುತ್ತದೆಂದು ಮೊದಲೇ ಬರೆಯಿಸಿದೆ. ಓಡುವುದಿಲ್ಲ ಎಂದೇ ಬಹಳ ಮಂದಿ ಬರೆದರು. ಆಗಲೂ ದೋಣಿ ಓಡಿತು. ಹಿಂದಿನ ದಿನ ಉತ್ತರ ಹೇಳಿದ ಹುಡುಗನೇ ಎದ್ದು, ‘ಸಾರ್, ಬಲೂನು ಗಾಳೀನ ತಳ್ಳುತ್ತೆ, ಒಳಗಿನ ಗಾಳಿನೇ ಬಲೂನ್ನ ತಳ್ಳುತ್ತೆ’ ಎಂದ.

ಕೊನೆಗೆ ಎರಡನೇ ನಿಯಮದ ಒಂದು ಲೆಕ್ಕ ಕೊಟ್ಟೆ: ಎಂಜಿನ್ನಿನ ಬಲ 20,000 ನ್ಯೂಟನ್, ದೋಣಿಯ ದ್ರವ್ಯರಾಶಿ 2,500 ಕೆ.ಜಿ. ಎಂದಿಟ್ಟುಕೊಳ್ಳಿ, ಘರ್ಷಣೆ ಬಿಟ್ಟರೆ ವೇಗೋತ್ಕರ್ಷ ಎಷ್ಟು? ಉತ್ತರ 8 ಮೀ/ಸೆ². ಬಾವಿಗೆ ಬೀಳುವ ಕಲ್ಲಿನದು 9.8 ಎಂದು ಹೋಲಿಸಿದಾಗ ಆ ಸಂಖ್ಯೆಗೆ ಜೀವ ಬಂತು.

ಮಕ್ಕಳು ಕೇಳಿದ ಪ್ರಶ್ನೆ

‘ಸಾರ್, ಆ ದೋಣಿ ಕೊನೆಗೆ ಏನಾಯಿತು?’ ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಆದರೂ ಹೇಳಿದೆ. ದಾಖಲೆಗೆ ಎದುರುಬದುರು ದಿಕ್ಕಿನ ಎರಡು ಓಟಗಳ ಸರಾಸರಿ ಬೇಕು. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಕ್ಯಾಂಪ್‌ಬೆಲ್‌ರ ಮೊದಲ ಓಟ ಗಂಟೆಗೆ ಸುಮಾರು 479 ಕಿ.ಮೀ. ಹಿಂದಿರುಗುವ ಓಟದಲ್ಲಿ ದೋಣಿಯ ಮೂತಿ ಮೇಲೆದ್ದು, ಗಾಳಿಯಲ್ಲಿ ಮಗುಚಿ, ನೀರಿಗೆ ಅಪ್ಪಳಿಸಿತು. ಅವರು ಉಳಿಯಲಿಲ್ಲ. ವಿಮಾನವನ್ನು ಎತ್ತುವ ಗಾಳಿಯ ಬಲ ಅಷ್ಟು ವೇಗದ ದೋಣಿಯನ್ನೂ ಎತ್ತಬಲ್ಲದು. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ವೇಗದ ಕಥೆ ಹೇಳುವಾಗ ಅದರ ಬೆಲೆಯನ್ನು ಮುಚ್ಚಿಡಬಾರದು ಎಂದು ನನಗೆ ಅನ್ನಿಸಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೂರನೇ ನಿಯಮದ ಪ್ರತಿ ಉದಾಹರಣೆಗೂ ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಬರೆಯಿಸಿ: ‘ಅ ಎಂಬುದು ಆ ಎಂಬುದನ್ನು ತಳ್ಳುತ್ತದೆ, ಆ ಎಂಬುದು ಅ ಎಂಬುದನ್ನು ತಳ್ಳುತ್ತದೆ.’ ಎರಡರಲ್ಲೂ ಅದೇ ಎರಡು ಹೆಸರುಗಳಿರಬೇಕು. ಮೂರನೆಯ ಹೆಸರು ನುಸುಳಿದರೆ ಉತ್ತರ ತಪ್ಪೆಂದು ತಿಳಿಯಿರಿ. ಅಂದು ನಾನು ಈ ಎರಡು ವಾಕ್ಯ ಬರೆಯಿಸಿದ್ದರೆ, ಅನಿಲ ಮತ್ತು ಎಂಜಿನ್ನಿನ ನಡುವೆ ನೀರು ನುಸುಳಿದ್ದು ಅಲ್ಲೇ ಕಾಣುತ್ತಿತ್ತು. ‘ಸರಿ’ ಎನ್ನುವ ಮೊದಲು ಒಂದು ಕ್ಷಣ ನಿಲ್ಲುವುದನ್ನೂ ಈಗ ಪಾಠಯೋಜನೆಯಲ್ಲಿ ಬರೆದುಕೊಳ್ಳುತ್ತಿದ್ದೇನೆ.