ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್: ಎರಡು ವರ್ಷ ಕೊಟ್ಟರೆ ಎಷ್ಟು ವಾಪಸ್ ಬರ್ತದ?

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಹೊಸ ಕಟ್ಟಡದ ವೈರಿಂಗ್ ನಡೆದಿತ್ತು. ಗೋಡೆ ಕಟಿಂಗ್ ಮಾಡಿ ಪೈಪ್ ಹಾಕ್ತಿದ್ದ ಹುಡುಗ ಕುಂದಗೋಳ ಕಡೆಯವ. ಮನೆಯಲ್ಲಿ ಮೂರು ಎಕರೆ ಎರಿ ಹೊಲ, ಮಳೆ ನಂಬಿದ ಬೇಸಾಯ. ಬಿತ್ತನೆ, ಕೊಯ್ಲು ಬಂದರೆ ಊರಿಗೆ ಹೋಗ್ತಾನೆ, ಉಳಿದ ದಿನ ಹೆಲ್ಪರ್ ಕೆಲಸ. ಮಾತಿನ ನಡುವೆ ಕೇಳಿದ: "ಅಣ್ಣಾ, ಐಟಿಐ ಮಾಡ್ಲೋ, ಹಿಂಗ ಮುಂದುವರಿಲೋ? ನಮ್ಮ ಮೇಸ್ತ್ರಿ ಐಟಿಐ ಮಾಡಿಲ್ಲ, ಆದ್ರೂ ಚಲೋ ದುಡೀತಾನ."

ಪ್ರಶ್ನೆ ಸರಿ ಅದ. ಉತ್ತರಕ್ಕೆ ಲೆಕ್ಕ ಬೇಕು.

ಮೊದಲು ಖರ್ಚು. ಎಲ್ಲರೂ ಫೀ ಎಷ್ಟು ಅಂತ ಕೇಳ್ತಾರೆ. ಆದರೆ ಸರ್ಕಾರಿ ಐಟಿಐಯಲ್ಲಿ ಫೀ ದೊಡ್ಡ ಹೊರೆ ಅಲ್ಲ. ದೊಡ್ಡ ಖರ್ಚು ಅಂದ್ರೆ ನಿಮ್ಮ ಎರಡು ವರ್ಷ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು, 80 ಪರ್ಸೆಂಟ್ ಹಾಜರಿ ಬೇಕು. ಹಿಂಗಾರಿ ಕಡಲಿ ಬಿತ್ತಬೇಕು ಅಂತ ಹದಿನೈದು ದಿನ ರಜೆ ಹಾಕಿದರೆ ಹಾಜರಿ ಬೇಗ ಕೆಳಗಿಳೀತದ. ಅಂದರೆ ಆ ಕೆಲಸಕ್ಕೆ ಅಪ್ಪ ಆಳು ಹಚ್ಚಬೇಕು. ಆ ಕೂಲಿಯೂ ನಿಮ್ಮ ಓದಿನ ಖರ್ಚೇ.

ಇದನ್ನು ರೂಪಾಯಿಯಲ್ಲಿ ನೋಡೋಣ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂ. ಇತ್ತು. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ವರ್ಷಕ್ಕೆ 150 ದಿನದ ದುಡಿಮೆ ಬಿಟ್ಟರೆ 55,500, ಎರಡು ವರ್ಷಕ್ಕೆ 1,11,000 ರೂ. ಸರ್ಕಾರಿ ಐಟಿಐಯ ಫೀ, ಬಸ್ ಪಾಸ್, ಡ್ರೆಸ್, ಪುಸ್ತಕ, ಟೂಲ್ಸ್ ಸೇರಿ ಇನ್ನೊಂದು 20,000 ಹಿಡಿದರೆ 1,31,000. ಖಾಸಗಿ ಐಟಿಐ ಆಗಿ ಅದೇ ಬಾಬ್ತು 60,000 ಆದರೆ 1,71,000. ಈ 20, 60 ಸಾವಿರ ನಾನು ಲೆಕ್ಕಕ್ಕೆ ಹಿಡಿದದ್ದು. ನೀವು ಸಂಸ್ಥೆಯಲ್ಲಿ ಕೇಳಿ ನಿಮ್ಮ ಅಂಕಿ ಹಾಕಿಕೊಳ್ಳಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾದಾ ಬಸ್ ಫ್ರೀ ಇರೋದರಿಂದ ಖರ್ಚು ಇನ್ನೂ ಸ್ವಲ್ಪ ಕಡಿಮೆ. ಈ ಟ್ರೇಡಿಗೆ ಹುಡುಗಿಯರು ಬರಬಾರದು ಅಂತ ಎಲ್ಲೂ ಬರೆದಿಲ್ಲ.

ಈಗ ಗಳಿಕೆ. ಐಟಿಐ ಮುಗಿದ ತಕ್ಷಣ ಪಗಾರ ಜಿಗೀತದ ಅಂದುಕೊಂಡರೆ ನಿರಾಶೆ ಆಗ್ತದ. ಮುಂದಿನ ಮೆಟ್ಟಿಲು ಅಪ್ರೆಂಟಿಸ್‌ಶಿಪ್. 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ಅಂತ ಇಟ್ಟರು. ಕಂಪನಿ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂಗಿಲ್ಲ. ತಿಂಗಳಿಗೆ 25 ದಿನ 370ರಂತೆ ಕೂಲಿ ಮಾಡಿದರೆ 9,250. ಹಾಗಾದರೆ ಅಪ್ರೆಂಟಿಸ್ ಕೂಲಿಗಿಂತ ಕಡೆಯೇ? ತಿಂಗಳ ಲೆಕ್ಕದಲ್ಲಿ ಹೌದು. ಆದರೆ ಹೊಲದಲ್ಲಿ ವರ್ಷಪೂರ್ತಿ 25 ದಿನ ಕೂಲಿ ಯಾರಿಗೆ ಸಿಗ್ತದ? ವರ್ಷಕ್ಕೆ 84,000 ಸ್ಟೈಪೆಂಡ್, 55,500 ಕೂಲಿ ಅಂತ ನೋಡಿದರೆ ತಕ್ಕಡಿ ಈ ಕಡೆ ವಾಲ್ತದ. ಆದರೆ ಬೆಂಗಳೂರಿಗೆ ಹೋಗಿ ರೂಮ್ ಮಾಡಿದರೆ 7,000 ಬಾಡಿಗೆ-ಊಟಕ್ಕೇ ಸಾಲೋದಿಲ್ಲ. ಅದಕ್ಕೆ ಮನೆಯಿಂದ ಓಡಾಡುವ ಜಾಗ ಮೊದಲು ನೋಡ್ರಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ನೈರುತ್ಯ ರೈಲ್ವೆ ಅಪ್ರೆಂಟಿಸ್‌ಗಳನ್ನು ತಗೋತದ. ಅಲ್ಲಿ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ ಆಯ್ಕೆ. ಐಟಿಐಯಲ್ಲಿ ಪಾಸಾದರೆ ಸಾಕು ಅನ್ನುವವರು ಇಲ್ಲೇ ಹಿಂದೆ ಬೀಳ್ತಾರೆ.

ಇನ್ನು ಮೇಸ್ತ್ರಿಯ ಕತೆ. ಅವನ ಕೈ ಚಲೋ ಇರಬಹುದು. ಆದರೆ ಹೊಸ ಮನೆಗೆ ಮೀಟರ್ ಬೇಕಾದಾಗ ಹೆಸ್ಕಾಂಗೆ ಕೊಡುವ ಕಾಗದಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ ಬೇಕು. ಅವನು ಅದನ್ನು ಬೇರೆಯವರ ಹತ್ತಿರ ತರಬೇಕು, ಅಲ್ಲಿಗೆ ಲಾಭದ ಒಂದು ಪಾಲು ಹೋಗ್ತದ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರನೇ, ಪರ್ಮಿಟ್ ಇರುವವರ ಕೈಯಿಂದ ಮಾಡಿಸಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳ್ತದ. ನಮ್ಮಲ್ಲಿ ಪರ್ಮಿಟ್, ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಐಟಿಐ ಕಾಗದದ ನಿಜವಾದ ಬೆಲೆ ಇಲ್ಲಿ ಅದ: ಅದು ಪರ್ಮಿಟ್ಟಿನ ದಾರಿ ತೆರೀತದ. ಪರ್ಮಿಟ್ ತನಕ ಹೋಗದೆ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ಇಟ್ಟವನೂ, ಐಟಿಐ ಮಾಡದ ಹೆಲ್ಪರನೂ ಸೈಟಿನಲ್ಲಿ ಹತ್ತಿರಹತ್ತಿರ ಒಂದೇ ಪಗಾರ ತಗೊಂಡರೆ ಆಶ್ಚರ್ಯ ಇಲ್ಲ.

ಪರ್ಮಿಟ್ ಇದ್ದು ಹೆಲ್ಪರಿಗಿಂತ ದಿನಕ್ಕೆ 150 ರೂ. ಹೆಚ್ಚು ಸಿಕ್ಕರೆ, 250 ದಿನಕ್ಕೆ 37,500. ಸರ್ಕಾರಿ ಐಟಿಐ ಖರ್ಚು ಸುಮಾರು ಮೂರೂವರೆ ವರ್ಷದಲ್ಲಿ ತೀರ್ತದ, ಖಾಸಗಿಯದ್ದು ನಾಲ್ಕೂವರೆ ವರ್ಷ ದಾಟ್ತದ. ಹದಿನೆಂಟರ ಹುಡುಗನಿಗೆ ಇದು ದೊಡ್ಡ ಮಾತಲ್ಲ. ಮೂವತ್ತು ದಾಟಿ ಹೆಂಡತಿ-ಮಕ್ಕಳು ಇರುವವನಿಗೆ ದೊಡ್ಡ ಮಾತು. ಸಾಲ ಮಾಡಿ ಖಾಸಗಿಗೆ ಸೇರೋದಾದರೆ ಬಡ್ಡಿಯನ್ನೂ ಕೂಡಿಸಿ ನೋಡ್ರಿ. ನನ್ನನ್ನು ಕೇಳಿದರೆ ಬೇಡ ಅಂತೀನಿ.

ಲೈನ್‌ಮನ್ ಆಗಬೇಕು ಅಂತ ಐಟಿಐ ಸೇರುವವರಿಗೆ ಒಂದು ವಿಷಯ. ಕೆಪಿಟಿಸಿಎಲ್ 2024ರ ಅಕ್ಟೋಬರ್‌ನಲ್ಲಿ ತನಗೂ ಹೆಸ್ಕಾಂನಂಥ ಎಸ್ಕಾಂಗಳಿಗೂ ಸೇರಿ 2,975 ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಹುದ್ದೆ ಕರೆದಾಗ ಕೇಳಿದ್ದು ಎಸ್ಸೆಸ್ಸೆಲ್ಸಿ ಅಂಕ, ಜೊತೆಗೆ 8 ಮೀಟರ್ ಕಂಬ ಹತ್ತುವುದು, ಓಟ ಇತ್ಯಾದಿ ದೇಹದಾರ್ಢ್ಯ ಪರೀಕ್ಷೆ. ಐಟಿಐ ಕೇಳಿರಲಿಲ್ಲ. ಆ ಒಂದೇ ಕೆಲಸಕ್ಕಾಗಿ ಎರಡು ವರ್ಷ ಕೊಡೋದಕ್ಕಿಂತ ಕಂಬ ಹತ್ತೋದು ಕಲಿಯೋದು ಮೇಲು.

ಹೊಲ ಬಿಡೋದೇ ಇಲ್ಲ ಅನ್ನುವವರಿಗೆ ಮೂರನೇ ದಾರಿ ಅದ. ಧಾರವಾಡದ ರುಡ್‌ಸೆಟ್, ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇಂಥ ಸಂಸ್ಥೆಗಳು ಊಟ-ವಸತಿ ಸಮೇತ ಉಚಿತ ತರಬೇತಿ ಕೊಡ್ತವೆ. ಆರ್‌ಸೆಟಿಗಳ ಕೋರ್ಸ್‌ಗಳಲ್ಲಿ ಹೌಸ್ ವೈರಿಂಗ್ ಅದ, ಮೋಟಾರ್ ರಿವೈಂಡಿಂಗ್-ಪಂಪ್‌ಸೆಟ್ ರಿಪೇರಿಯೂ ಅದ, ಸುಮಾರು ಒಂದು ತಿಂಗಳದ್ದು. ಬೋರ್ ಇರುವ ಊರಿನಲ್ಲಿ ಇದಕ್ಕೆ ಗಿರಾಕಿ ಕಡಿಮೆ ಇಲ್ಲ. ಮೂರು ಫೇಸ್‌ನಲ್ಲಿ ಒಂದು ಹೋದರೂ ಓಡ್ತಿರುವ ಮೋಟಾರು ಉಳಿದ ಎರಡರಿಂದ ಜಾಸ್ತಿ ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ತದ. ಬೆಳೆ ಒಣಗ್ತಿರುವ ರೈತ ಪ್ಯಾಟಿಗೆ ಒಯ್ದು ವಾರ ಕಾಯುವುದಕ್ಕಿಂತ ಊರಲ್ಲೇ ಎರಡು ದಿನದಲ್ಲಿ ಸರಿಯಾಗಲಿ ಅಂತಾನೆ. ಅಷ್ಟೇ ಅಲ್ಲ, ಬೇಸಿಗೆಯಲ್ಲಿ ಮೋಟಾರ್ ಕೆಲಸ ಹೆಚ್ಚು, ಮಳೆ ನಂಬಿದ ಹೊಲದಲ್ಲಿ ಆಗ ಕೆಲಸ ಕಡಿಮೆ. ಆದರೆ ಈ ತಿಂಗಳ ಕೋರ್ಸು ಪರ್ಮಿಟ್ ಅಲ್ಲ. "ಅಣ್ಣಾ, ಟಿಸಿ ಫ್ಯೂಸ್ ಹಾಕಿ ಕೊಡೋ" ಅಂತ ಯಾರೇ ಕರೆದರೂ ಟಿಸಿ ಹತ್ತಬೇಡ್ರಿ. ಅದು ಹೆಸ್ಕಾಂ ಸಿಬ್ಬಂದಿ ಕೆಲಸ.

ಸೇರುವ ಮುಂಚೆ ಒಂದು ತಪಾಸಣೆ. "ಸರ್ಕಾರಿ ಮಾನ್ಯತೆ" ಅಂತ ಬೋರ್ಡ್ ಹಾಕಿದ್ದೆಲ್ಲ ಐಟಿಐ ಅಲ್ಲ. ಕೊನೆಗೆ ಸಿಗುವುದು ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟೇ, ಆ ಸಂಸ್ಥೆಗೆ ಎಲೆಕ್ಟ್ರಿಷಿಯನ್ ಟ್ರೇಡಿಗೇ ಮಾನ್ಯತೆ ಅದೆಯೇ ಅಂತ ಮೊಬೈಲ್‌ನಲ್ಲೇ ನೋಡಬಹುದು. ಈ ಟ್ರೇಡಿಗೆ ವಿಜ್ಞಾನ, ಗಣಿತ ಇರುವ ಹತ್ತನೇ ಪಾಸ್ ಬೇಕು. ಎಂಟನೇ ಪಾಸಾದವರಿಗೆ ವೈರ್‌ಮ್ಯಾನ್ ಟ್ರೇಡ್ ಅದ, ಅದೂ ಎರಡು ವರ್ಷ.

ಕುಂದಗೋಳದ ಹುಡುಗನಿಗೆ ಹತ್ತೊಂಬತ್ತು, ಹತ್ತನೇ ಕ್ಲಾಸಿನಲ್ಲಿ 71 ಪರ್ಸೆಂಟ್, ಹೊಲ ನೋಡೋಕೆ ಅಣ್ಣ ಇದ್ದಾನೆ. ಸರ್ಕಾರಿ ಸೀಟು ಸಿಕ್ಕರೆ ಸೇರು, ಸಿಗದಿದ್ದರೆ ಈ ವರ್ಷ ರಿವೈಂಡಿಂಗ್ ಕಲಿತು ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಅಂದೆ. ಅಂಕಪಟ್ಟಿ ಊರಲ್ಲಿ ಅದ, ಭಾನುವಾರ ಹೋಗಿ ತರ್ತೀನಿ ಅಂದ.