ಕೆಡದೆ ಬಾಳುವ ಹಾಲಿನ ಪದಾರ್ಥಗಳು: ಬಳಕೆಯ ಸರಕು ನಿಂತುಹೋದಾಗ ಬದಲಿಯನ್ನು ಆರಿಸುವ ಕ್ರಮ

ಹಾಲು ನಮ್ಮ ಆಹಾರಗಳಲ್ಲಿ ಅತ್ಯುತ್ತಮವಾದುದು. ಬೇಗನೆ ಕೆಡುವುದರಲ್ಲಿಯೂ ಅದೇ ಮೊದಲನೆಯದು. ಆದಕಾರಣ ಕರಾವು ಇಳಿದ ಬೇಸಗೆಯಲ್ಲಿಯೂ, ದಾರಿ ಕಡಿದುಹೋಗುವ ಮಳೆಗಾಲದಲ್ಲಿಯೂ ಪುಡಿ, ಡಬ್ಬಿ, ಪೊಟ್ಟಣಗಳ ಹಾಲನ್ನು ಹಳ್ಳಿಯ ಸಂಸಾರಗಳು ಅವಲಂಬಿಸಬೇಕಾಗುತ್ತದೆ. ೨೦೧೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳು ಮುಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಹೀಗಿರಲು, ವರ್ಷಗಟ್ಟಲೆ ಅಂಗಡಿಯಲ್ಲಿ ಸಿಕ್ಕುತ್ತಿದ್ದ ಒಂದು ಡಬ್ಬಿಯು ಇದ್ದಕ್ಕಿದ್ದಂತೆ ನಿಂತುಹೋದರೆ, ಜನರು ಬಣ್ಣ ಮತ್ತು ಚಿತ್ರಗಳ ಹೋಲಿಕೆಯನ್ನೇ ನಂಬಿ ಬೇರೊಂದನ್ನು ಕೊಂಡು ತರುವುದುಂಟು. ಇದರಿಂದ ಹಣ ವ್ಯರ್ಥವಾಗುವುದು ಮಾತ್ರವಲ್ಲ. ಎಳೆಯ ಮಕ್ಕಳ ಪ್ರಾಣಕ್ಕೂ ಅಪಾಯವುಂಟು. ಹೆಸರನ್ನು ಬಿಟ್ಟು ಒಳಗಿರುವ ಸತ್ತ್ವವನ್ನು ನೋಡಿ ಬದಲಿಯನ್ನು ಆರಿಸಬೇಕೆಂಬುದೇ ಈ ಲೇಖನದ ತಾತ್ಪರ್ಯ.

೧. ಹಾಲು ಕೆಡುವುದೇತಕ್ಕೆ, ಬಾಳುವುದು ಹೇಗೆ?

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು ೮೭ ಭಾಗ ನೀರು. ಈ ನೀರಿನಲ್ಲಿ ಸೂಕ್ಷ್ಮ ಜಂತುಗಳು ಬೆಳೆದು ಹಾಲನ್ನು ಹುಳಿಮಾಡುತ್ತವೆ. ಅವುಗಳನ್ನು ತಡೆಯುವ ಮಾರ್ಗಗಳು ಮುಖ್ಯವಾಗಿ ನಾಲ್ಕು.

(ಅ) ನೀರನ್ನು ತೆಗೆಯುವುದು. ಹಾಲಿನ ಪುಡಿಯಲ್ಲಿ ನೀರು ನೂರಕ್ಕೆ ೫ ಭಾಗವನ್ನು ಮೀರಕೂಡದು. ಎಮ್ಮೆಯ ಹಾಲನ್ನು ಪುಡಿಮಾಡಲಾಗದೆಂದು ತಜ್ಞರು ಒಂದು ಕಾಲದಲ್ಲಿ ಭಾವಿಸಿದ್ದರು. ಗುಜರಾತಿನ ಆನಂದ್ ಪಟ್ಟಣದ ಸಹಕಾರ ಸಂಘದಲ್ಲಿ ಶ್ರೀ ಹೆಚ್. ಎಂ. ದಲಾಯ ಅವರ ಪ್ರಯತ್ನದಿಂದ ೧೯೫೫ರಲ್ಲಿ ಆ ಕೆಲಸ ಸಾಧ್ಯವಾಯಿತು.

(ಆ) ಸಕ್ಕರೆಯನ್ನು ಸೇರಿಸಿ ಮಂದಮಾಡುವುದು. ಅಮೆರಿಕದ ಗೇಲ್ ಬಾರ್ಡನ್ ಎಂಬವನು ೧೮೫೬ರಲ್ಲಿ ಮಂದಹಾಲಿನ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ಈಗಿನ ಸಿಹಿ ಮಂದಹಾಲಿನಲ್ಲಿ ಸಕ್ಕರೆಯೇ ಜಂತುಗಳ ಬೆಳವಣಿಗೆಯನ್ನು ತಡೆಯುತ್ತದೆ.

(ಇ) ಅತಿಯಾಗಿ ಕಾಯಿಸಿ ಗಾಳಿಯಾಡದಂತೆ ಮುಚ್ಚುವುದು. ಯು.ಎಚ್.ಟಿ. ಎಂಬ ಹಾಲನ್ನು ಕೆಲವು ಸೆಕೆಂಡುಗಳ ಕಾಲ ೧೩೫ ಡಿಗ್ರಿ ಸೆಂಟಿಗ್ರೇಡ್ ಅಥವಾ ಅದಕ್ಕೂ ಹೆಚ್ಚಿನ ಶಾಖಕ್ಕೆ ಒಳಪಡಿಸಿ, ಜಂತುರಹಿತವಾದ ಪೊಟ್ಟಣದಲ್ಲಿ ತುಂಬುತ್ತಾರೆ. ಒಡೆಯದ ಪೊಟ್ಟಣವು ತಂಪುಪೆಟ್ಟಿಗೆಯಿಲ್ಲದೆಯೇ ತಿಂಗಳುಗಟ್ಟಲೆ ಇರುತ್ತದೆ.

(ಈ) ಜಿಡ್ಡನ್ನು ಬೇರ್ಪಡಿಸುವುದು. ತುಪ್ಪದಲ್ಲಿ ನೂರಕ್ಕೆ ೯೯.೫ ಭಾಗಕ್ಕೆ ಕಡಿಮೆಯಿಲ್ಲದೆ ಹಾಲಿನ ಜಿಡ್ಡು ಇರತಕ್ಕದ್ದು. ನೀರಿಲ್ಲದಿರುವುದರಿಂದಲೇ ಅದು ಬಾಳುತ್ತದೆ.

೨. ಸರಕು ನಿಂತುದು ನಿಜವೇ?

ಅಂಗಡಿಯವನು "ಅದು ಈಗ ಬರುವುದಿಲ್ಲ" ಎಂದಮಾತ್ರಕ್ಕೆ ತಯಾರಿಕೆಯೇ ನಿಂತಿತೆಂದು ತಿಳಿಯಕೂಡದು. ಕೆಲವು ವೇಳೆ ಹೆಸರು ಅಥವಾ ತೂಕ ಬದಲಾಗಿರುತ್ತದೆ. ಕೆಲವು ವೇಳೆ ಆ ಊರಿಗೆ ಸರಬರಾಜುಮಾಡುವವನು ಮಾತ್ರ ಬಿಟ್ಟಿರುತ್ತಾನೆ. ಹಳೆಯ ಡಬ್ಬಿಯ ಚೀಟಿಯನ್ನು ಎಸೆಯದೆ ಇಟ್ಟುಕೊಂಡರೆ, ಅದರ ಮೇಲಿರುವ ತಯಾರಕರ ವಿಳಾಸಕ್ಕೆ ಬರೆದು ಅಥವಾ ದೂರವಾಣಿಯಲ್ಲಿ ವಿಚಾರಿಸಿ ನಿಜವನ್ನು ತಿಳಿಯಬಹುದು. ಅದೇ ಚೀಟಿಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ೧೪ ಅಂಕಿಗಳ ಸಂಖ್ಯೆಯೂ, ತೂಕದಲ್ಲಿ ಹೆಚ್ಚಿನದು ಮೊದಲು ಬರುವಂತೆ ಕೂಡಿದ ಪದಾರ್ಥಗಳ ಪಟ್ಟಿಯೂ ಇರುತ್ತವೆ. ಈ ಪಟ್ಟಿಯೇ ಬದಲಿಯನ್ನು ಆರಿಸುವುದಕ್ಕೆ ಕೈದೀವಿಗೆ.

ನಿಂತುಹೋದ ಸರಕಿನ ಹಳೆಯ ದಾಸ್ತಾನನ್ನು ಸಂತೆಯಲ್ಲಿ ಅಗ್ಗವಾಗಿ ಮಾರುವುದುಂಟು. ವಾಯಿದೆ ಮೀರಿದುದನ್ನೂ, ತಾರೀಖನ್ನು ಅಳಿಸಿದುದನ್ನೂ, ಉಬ್ಬಿದ ಅಥವಾ ತುಕ್ಕುಹಿಡಿದ ಡಬ್ಬಿಯನ್ನೂ ಎಷ್ಟು ಅಗ್ಗವಾದರೂ ಕೊಳ್ಳಕೂಡದು.

೩. ಯಾವುದಕ್ಕೆ ಯಾವುದು ಬದಲಿ?

ಕೆನೆಸಹಿತವಾದ ಪುಡಿಯಲ್ಲಿ ಜಿಡ್ಡು ನೂರಕ್ಕೆ ೨೬ ಭಾಗಕ್ಕೆ ಕಡಿಮೆಯಿರಕೂಡದು. ಕೆನೆ ತೆಗೆದ ಪುಡಿಯಲ್ಲಿ ೧.೫ ಭಾಗವನ್ನು ಮೀರಕೂಡದು. ಬೆಳೆಯುವ ಮಕ್ಕಳಿಗೆ ಮೊದಲನೆಯದರ ಬದಲು ಎರಡನೆಯದನ್ನು ಕೊಟ್ಟರೆ ಜಿಡ್ಡಿನ ಸತ್ತ್ವವು ತಪ್ಪಿಹೋಗುತ್ತದೆ. ಒಂದು ಕಂಪೆನಿಯ ಕೆನೆಸಹಿತ ಪುಡಿಗೆ ಇನ್ನೊಂದರ ಕೆನೆಸಹಿತ ಪುಡಿಯೇ ಸರಿಯಾದ ಬದಲಿ. ೨೦೧೩ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಪ್ರತಿ ಮಗುವಿಗೆ ೧೮ ಗ್ರಾಂ ಕೆನೆಸಹಿತ ಪುಡಿಯಿಂದ ೧೫೦ ಮಿಲಿಲೀಟರು ಹಾಲನ್ನು ಸಿದ್ಧಪಡಿಸುವ ಪ್ರಮಾಣವನ್ನು ಗೊತ್ತುಮಾಡಲಾಯಿತು. ಅಂದರೆ ಒಂದು ಲೀಟರಿಗೆ ೧೨೦ ಗ್ರಾಂ. ಈ ಲೆಕ್ಕದಿಂದ ಅರ್ಧ ಕಿಲೋ ಪೊಟ್ಟಣದಲ್ಲಿ ನಾಲ್ಕು ಲೀಟರಿಗೆ ತುಸು ಹೆಚ್ಚು ಹಾಲಾಗುತ್ತದೆ. ಬೆಲೆಯನ್ನು ಪೊಟ್ಟಣಕ್ಕಲ್ಲದೆ ಲೀಟರಿಗೆ ಹೀಗೆ ಲೆಕ್ಕಹಾಕಿ ಹೋಲಿಸತಕ್ಕದ್ದು.

ಪುಡಿಯನ್ನು ಕುದಿಸಿ ಆರಿಸಿದ ಉಗುರುಬೆಚ್ಚನೆಯ ಸ್ವಲ್ಪ ನೀರಿನಲ್ಲಿ ಮೊದಲು ಗಂಟಿಲ್ಲದಂತೆ ಕಲಸಿ, ಉಳಿದ ನೀರನ್ನು ಅನಂತರ ಸೇರಿಸಬೇಕು. ನೀರು ಬೆರೆತ ಕೂಡಲೇ ಅದು ಹಸಿಹಾಲಿನಂತೆಯೇ ಕೆಡತಕ್ಕ ಪದಾರ್ಥವಾಗುತ್ತದೆ. ಯು.ಎಚ್.ಟಿ. ಹಾಲಿನ ಪೊಟ್ಟಣವನ್ನು ಒಡೆದ ಮೇಲೂ ಇದೇ ನಿಯಮ. ಎರಡಕ್ಕೂ ಹೆಪ್ಪು ಹಾಕಿದರೆ ಮೊಸರಾಗುತ್ತದೆ.

ಸಿಹಿ ಮಂದಹಾಲು ಸಿಗದಿದ್ದರೆ, ಪಾಯಸ ಮೊದಲಾದವುಗಳಿಗೆ ಹಾಲನ್ನು ಸಕ್ಕರೆಯೊಡನೆ ಚೆನ್ನಾಗಿ ಬತ್ತಿಸಿ ಉಪಯೋಗಿಸಬಹುದು. ಆದರೆ ಅದನ್ನು ಅಂದಂದೇ ಮುಗಿಸಬೇಕು.

೪. ಹಾಲಿನಂತೆ ಕಾಣುವ ಇತರ ಪದಾರ್ಥಗಳು

ಚಹ ಕಾಫಿಗಳಿಗೆಂದು ಮಾರುವ ಬಿಳಿಯ ಪುಡಿಗಳಲ್ಲಿ ಕೆಲವು ಸಕ್ಕರೆ ಬೆರೆಸಿದ ಹಾಲಿನ ಪುಡಿ. ಮತ್ತೆ ಕೆಲವು ಸಸ್ಯದ ಜಿಡ್ಡಿನಿಂದ ಮಾಡಿದವು. ಪಾನೀಯಕ್ಕೆ ಬಣ್ಣ ಕೊಡುವುದರಿಂದಲೇ ಇವು ಆಹಾರವಾಗಲಾರವು. ಹಾಲು ಒಗ್ಗದವರಿಗೆ ಸೋಯಾ ಅವರೆಯ ಪಾನೀಯವು ಸಸಾರಜನಕದ ಅಂಶದಲ್ಲಿ ಹಸುವಿನ ಹಾಲಿಗೆ ಹೆಚ್ಚುಕಡಿಮೆ ಸಮೀಪವಾದುದು. ಬಾದಾಮಿ, ಅಕ್ಕಿಗಳ ಪಾನೀಯಗಳಲ್ಲಿ ಆ ಅಂಶ ಬಹಳ ಕಡಿಮೆ. ಸುಣ್ಣದಂಶಕ್ಕಾದರೋ ನಮ್ಮ ರಾಗಿಯೇ ಇದೆ: ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದ್ದರೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು ೧೨೦ ಮಿಲಿಗ್ರಾಂ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಆರು ತಿಂಗಳವರೆಗೆ ಶಿಶುವಿಗೆ ತಾಯಿಯ ಹಾಲೊಂದೇ ಆಹಾರ. ವೈದ್ಯರು ಶಿಶುವಿನ ಪುಡಿಯನ್ನು ಸೂಚಿಸಿದ್ದು ಅದು ಅಂಗಡಿಯಲ್ಲಿ ನಿಂತುಹೋದರೆ, ಅದೇ ವಯಸ್ಸಿಗೆ ತಯಾರಾದ ಬೇರೆ ಪುಡಿಯನ್ನು ವೈದ್ಯರನ್ನು ಕೇಳಿಯೇ ತರತಕ್ಕದ್ದು. ಸಾಧಾರಣ ಹಾಲಿನ ಪುಡಿ, ಸಿಹಿ ಮಂದಹಾಲು, ಚಹದ ಪುಡಿ ಇವುಗಳಲ್ಲಿ ಯಾವುದೂ ಅದಕ್ಕೆ ಬದಲಿಯಲ್ಲ.

೫. ಮನೆಯ ಹಾಲು ಮಿಕ್ಕಾಗ

೨೦೨೦ನೆಯ ಇಸವಿ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಹೋಟೆಲುಗಳು ಮುಚ್ಚಿದಾಗ, ಹಾಲು ಒಕ್ಕೂಟಗಳು ಮಿಕ್ಕ ಹಾಲನ್ನು ಪುಡಿಮಾಡಿಸಬೇಕಾಯಿತು. ರೈತನ ಮನೆಯಲ್ಲಿ ಪುಡಿಮಾಡುವ ಯಂತ್ರವಿಲ್ಲ, ತುಪ್ಪದ ಬಾಣಲೆಯುಂಟು. ಬೆಣ್ಣೆಯನ್ನು ಗಸಿ ಹೊಂಬಣ್ಣಕ್ಕೆ ಬಂದು ಸದ್ದಡಗುವವರೆಗೆ ಕಾಯಿಸಿ, ಸೋಸಿ, ಒಣಗಿದ ಪಾತ್ರೆಯಲ್ಲಿ ಕಂಠದವರೆಗೆ ತುಂಬಿ, ಬೆಳಕು ಬೀಳದೆಡೆಯಲ್ಲಿಡಬೇಕು. ನೀರೂ ಗಾಳಿಯೂ ಸೇರಿದರೆ ಕಮಟು ವಾಸನೆ ಬರುತ್ತದೆ. ಕಲಾಯಿಯಿಲ್ಲದ ತಾಮ್ರದ ಪಾತ್ರೆ ಸಲ್ಲದು. ಖೋವದಲ್ಲಿ ನೀರು ಉಳಿದಿರುವುದರಿಂದ ಮಳೆಗಾಲದಲ್ಲಿ ಬೇಗನೆ ಬೂಷ್ಟು ಹಿಡಿಯುತ್ತದೆ. ಸಕ್ಕರೆ ಬೆರೆಸಿ ಚೆನ್ನಾಗಿ ಹುರಿದ ಧಾರವಾಡದ ಪೇಡ ಅದಕ್ಕಿಂತ ಹೆಚ್ಚು ದಿನ ಬಾಳುತ್ತದೆ.

೬. ಗ್ರಾಮದ ಮುಖ್ಯಸ್ಥರು ಮಾಡತಕ್ಕ ಕಾರ್ಯ

ಮಳೆ ಹಿಡಿಯುವುದಕ್ಕೆ ಮೊದಲೇ, ಮಳೆಗೆ ದಾರಿ ಕಡಿಯುವ ಊರುಗಳಲ್ಲಿ ಮುಖ್ಯಸ್ಥರೂ ಜಮೀನುದಾರರೂ ಹಾಲು ಉತ್ಪಾದಕರ ಸಹಕಾರ ಸಂಘದವರೊಡನೆ ಆಲೋಚಿಸಿ, ಎಳೆಯ ಮಕ್ಕಳೂ ವೃದ್ಧರೂ ಇರುವ ಮನೆಗಳನ್ನು ಎಣಿಸಿ, ಕೆಲವು ವಾರಗಳಿಗೆ ಸಾಲುವಷ್ಟು ಪುಡಿಯನ್ನೂ ಯು.ಎಚ್.ಟಿ. ಹಾಲನ್ನೂ ತರಿಸಿಡುವುದು ಒಳ್ಳೆಯದು. ದಾಸ್ತಾನನ್ನು ನೆಲಕ್ಕೆ ತಗುಲದಂತೆ ಹಲಗೆಯ ಮೇಲಿಟ್ಟು, ವಾಯಿದೆ ಮೊದಲು ಮುಗಿಯುವುದನ್ನು ಮೊದಲು ಹಂಚತಕ್ಕದ್ದು. ಓದು ಬಾರದ ತಾಯಂದಿರಿಗೆ ಚೀಟಿಯನ್ನು ಓದಿ ಹೇಳುವುದಕ್ಕೆ ಒಬ್ಬರನ್ನು ನೇಮಿಸಿದರೆ ಈ ಏರ್ಪಾಡು ಪೂರ್ಣವಾಗುತ್ತದೆ. ಡಬ್ಬಿಯ ಮೇಲಿನ ಚಿತ್ರವು ಯಾರ ಹೊಟ್ಟೆಯನ್ನೂ ತುಂಬಿಸದು. ಒಳಗಿರುವುದನ್ನು ತಿಳಿದು ಕೊಂಡ ಹಣವೇ ಸಾರ್ಥಕ.