ಉಪಪ್ರಧಾನಿ ಪದವಿ ಮತ್ತು ಉತ್ತರಾಧಿಕಾರ

ಪ್ರಧಾನಮಂತ್ರಿಗಳು ಅಧಿಕಾರದಲ್ಲಿರುವಾಗಲೇ ನಿಧನರಾದರೆ ಆ ಸ್ಥಾನಕ್ಕೆ ಬರುವವರು ಯಾರು? ಪೌರನೀತಿಯ ತರಗತಿಯಲ್ಲಿ ಹೀಗೆ ಕೇಳಿದರೆ ‘ಉಪಪ್ರಧಾನಿ’ ಎಂಬ ಉತ್ತರ ಥಟ್ಟನೆ ಬರುವುದುಂಟು. ರಾಷ್ಟ್ರಪತಿಗೆ ಉಪರಾಷ್ಟ್ರಪತಿ ಇರುವಂತೆ ಎಂಬ ಹೋಲಿಕೆಯೇ ಇದಕ್ಕೆ ಮೂಲ. ಆದರೆ ಈ ಹೋಲಿಕೆ ಹೆಸರಿಗಷ್ಟೇ ಸೀಮಿತವಾದುದು.

ರಾಷ್ಟ್ರಪತಿ ಸ್ಥಾನ ತೆರವಾದರೆ ಉಪರಾಷ್ಟ್ರಪತಿಯೇ ಆ ಕಾರ್ಯವನ್ನು ನಿರ್ವಹಿಸಬೇಕೆಂದು ಸಂವಿಧಾನದ 65ನೆಯ ಅನುಚ್ಛೇದ ವಿಧಿಸಿದೆ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ಕನ್ನಡಿಗರಾದ ಬಿ. ಡಿ. ಜತ್ತಿಯವರು ಆ ಹೊಣೆ ಹೊತ್ತು ಜುಲೈ 25ರವರೆಗೆ ನಿರ್ವಹಿಸಿದರು. ಅಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ.

ಉಪಪ್ರಧಾನಿ ಎಂಬ ಪದವಿಯಾದರೋ ಸಂವಿಧಾನದಲ್ಲಿ ಇಲ್ಲವೇ ಇಲ್ಲ. 1947ರಿಂದ 1950ರವರೆಗೆ ಸರದಾರ ಪಟೇಲರು ಅದನ್ನು ಅಲಂಕರಿಸಿದ್ದರು. 1989ರಲ್ಲಿ ದೇವಿಲಾಲರು ಉಪಪ್ರಧಾನಿಯೆಂದೇ ಪ್ರಮಾಣವಚನ ಸ್ವೀಕರಿಸಿದ್ದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ಹೆಸರು ಕೇವಲ ವರ್ಣನಾತ್ಮಕ, ಅವರು ಇತರ ಮಂತ್ರಿಗಳಂತೆಯೇ ಒಬ್ಬ ಮಂತ್ರಿ ಎಂಬುದು 1990ರಲ್ಲಿ ಹೊರಬಿದ್ದ ತೀರ್ಪಿನ ಸಾರ.

ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. 1964ರ ಮೇ 27ರಂದು ನೆಹರೂ ಅವರೂ, 1966ರ ಜನವರಿ 11ರಂದು ಶಾಸ್ತ್ರಿಯವರೂ ನಿಧನರಾದಾಗ ಹಂಗಾಮಿಯಾಗಿ ಪ್ರಧಾನಿ ಸ್ಥಾನವನ್ನು ವಹಿಸಿಕೊಂಡವರು ಗುಲ್ಜಾರಿಲಾಲ್ ನಂದಾ. ಅವರು ಉಪಪ್ರಧಾನಿಯಾಗಿರಲಿಲ್ಲ; ಹಿರಿಯ ಮಂತ್ರಿಯಾಗಿದ್ದರು. ಎರಡು ಸಲವೂ ಪಕ್ಷವು ನೂತನ ನಾಯಕರನ್ನು ಆರಿಸಿದೊಡನೆ ಅವರು ಸ್ಥಾನ ಬಿಟ್ಟುಕೊಟ್ಟರು. 1966ರಲ್ಲಂತೂ ಇಂದಿರಾ ಗಾಂಧಿಯವರು ಮೊರಾರ್ಜಿ ದೇಸಾಯಿಯವರನ್ನು 355–169 ಮತಗಳಿಂದ ಸೋಲಿಸಿ ನಾಯಕತ್ವ ಪಡೆದರು. 1984ರ ಅಕ್ಟೋಬರ್ 31ರಂದು ಹಂಗಾಮಿ ಪ್ರಧಾನಿಯೇ ಇಲ್ಲದೆ ರಾಜೀವ ಗಾಂಧಿಯವರು ನೇರವಾಗಿ ಪ್ರಮಾಣವಚನ ಸ್ವೀಕರಿಸಿದರು. 1979ರಲ್ಲಿ ಚರಣಸಿಂಗ್ ಮತ್ತು ಜಗಜೀವನರಾಮ್ ಇಬ್ಬರೂ ಏಕಕಾಲಕ್ಕೆ ಉಪಪ್ರಧಾನಿಗಳಾಗಿದ್ದರು. ಪದವಿಯಿಂದಲೇ ಹಕ್ಕು ದೊರೆಯುವುದಾದರೆ ಆಗ ಉತ್ತರಾಧಿಕಾರಿ ಯಾರಾಗಬೇಕಿತ್ತು?

ರಾಜ್ಯಗಳಲ್ಲಿಯೂ ನಿಯಮ ಬೇರೆಯಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಕರ್ನಾಟಕದ ಉಪಮುಖ್ಯಮಂತ್ರಿ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾದರು, ಆದರೆ ಅದು ಉಪಪದವಿಯ ಹಕ್ಕಿನಿಂದಲ್ಲ, ಶಾಸಕರ ಬೆಂಬಲದಿಂದ.

ಈ ಭೇದಕ್ಕೆ ಕಾರಣ ಸ್ಪಷ್ಟವಾಗಿದೆ. ರಾಷ್ಟ್ರಪತಿಗೆ ನಿಯತ ಅವಧಿಯುಂಟು. ಪ್ರಧಾನಿಯಾದರೋ ಲೋಕಸಭೆಯ ವಿಶ್ವಾಸವಿರುವವರೆಗೆ ಮಾತ್ರ ಉಳಿಯುತ್ತಾರೆ. ಮಠದ ಪರಂಪರೆಯಲ್ಲಿ ಗುರುಗಳು ತಮ್ಮ ಉತ್ತರಾಧಿಕಾರಿಯನ್ನು ಮುಂಚಿತವಾಗಿಯೇ ಗುರುತಿಸಬಹುದು. ವಿಶ್ವಾಸವನ್ನು ಮಾತ್ರ ಯಾರೂ ಮತ್ತೊಬ್ಬರಿಗೆ ಬಿಟ್ಟುಹೋಗಲಾರರು. ಪ್ರತಿಯೊಬ್ಬ ಪ್ರಧಾನಿಯೂ ಅದನ್ನು ಹೊಸದಾಗಿಯೇ ಗಳಿಸಬೇಕು. ವಿದ್ಯಾರ್ಥಿಗಳಿಗೆ ಪ್ರಜಾಪ್ರಭುತ್ವವನ್ನು ಬೋಧಿಸುವಾಗ ಮೊದಲು ತಿಳಿಸಬೇಕಾದ ಪಾಠವಿದು.